ಟ್ಯೂಬಿಂಗೆನ್: ನೆಕ್ಕರ್ ದಂಡೆಯ ವಿದ್ಯಾನಗರವೂ ಕನ್ನಡದ ನಂಟೂ

ನದೀತೀರ (ಚರ್ಚೆ ಆರಂಭಿಸಿದವರು)

ಜರ್ಮನಿಯ ಹಳೆಯ ವಿದ್ಯಾನಗರ ಎಂದೊಡನೆ ನಮ್ಮಲ್ಲಿ ಹೆಚ್ಚಿನವರು ಹೈಡಲ್‌ಬರ್ಗಿನ ಹೆಸರು ಹೇಳುತ್ತಾರೆ. ಅದರ ಕೋಟೆ, ಸೇತುವೆ, ಪ್ರವಾಸಿಗರ ಸಂದಣಿ ಎಲ್ಲವೂ ಪ್ರಸಿದ್ಧವೇ. ಆದರೆ ಕನ್ನಡದ ಓದುಬರಹವನ್ನು ಹಚ್ಚಿಕೊಂಡವರು ಆ ದೇಶದಲ್ಲಿ ಒಂದೇ ಒಂದು ಊರನ್ನು ನೋಡುವುದಾದರೆ, ಅದೇ ನೆಕ್ಕರ್ ನದಿಯ ಮೇಲ್ಭಾಗದಲ್ಲಿ, ಸ್ಟುಟ್‌ಗಾರ್ಟಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿರುವ ಟ್ಯೂಬಿಂಗೆನ್‌ಗೆ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಕೆಲಸದ ನಿಮಿತ್ತ ಆ ಸೀಮೆಯಲ್ಲೇ ಇರುವುದರಿಂದ ಹಲವು ಬಾರಿ ಅಲ್ಲಿಗೆ ಹೋಗಿಬಂದಿದ್ದೇನೆ. ಈ ಊರಿನ ಬಗ್ಗೆ ಕನ್ನಡದಲ್ಲಿ ಒಂದೇ ಕಡೆ ಓದಲು ಸಿಗುವಂತಾಗಲಿ ಎಂದು ಈ ಚರ್ಚೆಯನ್ನು ತೆರೆಯುತ್ತಿದ್ದೇನೆ.

ಊರಿನ ಜನಸಂಖ್ಯೆ 90,000ದ ಆಸುಪಾಸು. ವಿದ್ಯಾರ್ಥಿಗಳೇ 27,000ದಷ್ಟಿದ್ದಾರೆ. "ಟ್ಯೂಬಿಂಗೆನ್‌ನಲ್ಲಿ ವಿಶ್ವವಿದ್ಯಾಲಯ ಇಲ್ಲ, ಟ್ಯೂಬಿಂಗೆನ್ನೇ ಒಂದು ವಿಶ್ವವಿದ್ಯಾಲಯ" ಎಂಬ ಮಾತು ಅಲ್ಲಿ ಬಹಳ ಹಿಂದಿನಿಂದ ಚಾಲ್ತಿಯಲ್ಲಿದೆ. ಇದು ಬರಿಯ ಜಂಬವಲ್ಲ. ನಮ್ಮಲ್ಲಿ ವಿಶ್ವವಿದ್ಯಾಲಯವೆಂದರೆ ಊರಾಚೆಯ ಒಂದು ಕಾಂಪೌಂಡು, ಅದಕ್ಕೊಂದು ಕಮಾನು. ಅಲ್ಲಿ ಹಾಗಿಲ್ಲ. ಗುಡ್ಡದ ಮೇಲಿನ ಹೊಹೆನ್‌ಟ್ಯೂಬಿಂಗೆನ್ ಕೋಟೆಯೊಳಗೆ ಪುರಾತತ್ತ್ವದ ವಿಭಾಗವೂ ವಸ್ತುಸಂಗ್ರಹಾಲಯವೂ ಇವೆ. 1478ರಲ್ಲಿ ವಿದ್ಯಾರ್ಥಿಗಳ ವಸತಿಗೆಂದು ಕಟ್ಟಲು ಆರಂಭಿಸಿದ 'ಬೂರ್ಸೆ' ಎಂಬ ಕಟ್ಟಡದಲ್ಲಿ ಈಗಲೂ ತತ್ತ್ವಶಾಸ್ತ್ರದ ಪಾಠ ನಡೆಯುತ್ತದೆ. ತರಕಾರಿ ಚೀಲ ಹಿಡಿದ ಅಜ್ಜಿಯೂ ಪ್ರಬಂಧ ಬರೆಯುತ್ತಿರುವ ಹುಡುಗನೂ ಒಂದೇ ಕಲ್ಲುಹಾಸಿನ ಏರುದಾರಿಯಲ್ಲಿ ಏದುಸಿರು ಬಿಡುತ್ತಾರೆ.

ಊರಿನ ಉಲ್ಲೇಖ 1078ರಷ್ಟು ಹಿಂದೆಯೇ ಸಿಗುತ್ತದೆ, 1342ರಲ್ಲಿ ಅದು ವ್ಯುರ್ಟೆಂಬೆರ್ಗ್ ಮನೆತನದ ಕೈಸೇರಿತು. ನಿಜವಾದ ತಿರುವು 1477ರದ್ದು. 'ಗಡ್ಡದ ಎಬರ್‌ಹಾರ್ಡ್' ಎಂದೇ ಹೆಸರಾದ ದೊರೆ ಆ ವರ್ಷ ಇಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದ. ಅವನ ಧ್ಯೇಯವಾಕ್ಯ 'ಅಟ್ಟೆಂಪ್ಟೊ', ಎಂದರೆ 'ಸಾಹಸಕ್ಕೆ ಇಳಿಯುತ್ತೇನೆ' ಎಂದು. ಇದೇ ಕಾಲದಲ್ಲಿ, 1470ರಿಂದ 1490ರ ನಡುವೆ, ಊರ ನಡುವಿನ ಸಂತ ಜಾರ್ಜನ ದೊಡ್ಡ ಚರ್ಚು ಎದ್ದಿತು. ಕ್ರೈಸ್ತ ಮತಸುಧಾರಣೆಯ ಗಾಳಿ ಬೀಸಿದ ಮೇಲೆ, 1536ರಲ್ಲಿ, ಉಲ್ರಿಚ್ ದೊರೆ ಪ್ರಾಟೆಸ್ಟೆಂಟ್ ಪಾದ್ರಿಗಳನ್ನು ತಯಾರು ಮಾಡಲು 'ಶ್ಟಿಫ್ಟ್' ಎಂಬ ವಿದ್ಯಾರ್ಥಿನಿಲಯವನ್ನು ಸ್ಥಾಪಿಸಿದ. ಹಳೆಯ ಅಗಸ್ಟೀನಿಯನ್ ಮಠವೇ ಮುಂದೆ ಅದರ ನೆಲೆಯಾಯಿತು.

ನನಗೆ ಹೇಳಬೇಕಾಗಿರುವುದೆಲ್ಲ ಈ ಶ್ಟಿಫ್ಟಿನ ಸುತ್ತಲೇ ಇದೆ. ಊಟ, ವಸತಿ, ಪಾಠ ಎಲ್ಲವೂ ದೊರೆಯ ಖರ್ಚು. ಪ್ರತಿಯಾಗಿ ಓದು ಮುಗಿಸಿದವನು ನಾಡಿನ ಚರ್ಚಿನ ಸೇವೆಗೆ ಇಳಿಯಬೇಕು. ನೇರವಾಗಿ ಧರ್ಮಶಾಸ್ತ್ರಕ್ಕೆ ಇಳಿಯುವಂತಿರಲಿಲ್ಲ; ಮೊದಲ ಎರಡು ವರ್ಷ ತತ್ತ್ವಶಾಸ್ತ್ರ ಮತ್ತು ಹಳೆಯ ಭಾಷೆಗಳ ಅಭ್ಯಾಸ ನಡೆಯಬೇಕಿತ್ತು. ಖಗೋಳಶಾಸ್ತ್ರಜ್ಞ ಕೆಪ್ಲರ್ 1589ರಲ್ಲಿ ಇಲ್ಲಿಗೆ ಬಂದು ಸೇರಿದ. ಎರಡು ಶತಮಾನಗಳ ನಂತರ, ಫ್ರಾನ್ಸಿನಲ್ಲಿ ಕ್ರಾಂತಿಯ ಕಾವು ಏರಿದ್ದಾಗ, ಮುಂದೆ ತತ್ತ್ವಜ್ಞಾನಿಗಳಾದ ಹೆಗೆಲ್ ಮತ್ತು ಶೆಲ್ಲಿಂಗ್, ಕವಿಯಾದ ಹೋಲ್ಡರ್ಲಿನ್ ಎಂಬ ಮೂವರು ಹುಡುಗರು ಇಲ್ಲಿ ಒಂದೇ ಕೋಣೆಯಲ್ಲಿದ್ದರು. ಆ ಮೂವರಲ್ಲಿ ಯಾರೂ ಪಾದ್ರಿಯಾಗಲಿಲ್ಲ ಎನ್ನುವುದು ಬೇರೆ ಮಾತು.

1829ರಲ್ಲಿ ಇದೇ ವಿಶ್ವವಿದ್ಯಾಲಯಕ್ಕೆ ಬಂದ ಇನ್ನೊಬ್ಬ ಹುಡುಗ ಹರ್ಮನ್ ಮೋಗ್ಲಿಂಗ್. ಹದಿನಾಲ್ಕು ವರ್ಷಗಳ ನಂತರ, 1843ರ ಜುಲೈ 1ರಂದು, ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲೆ ಬರೆದು ಅಚ್ಚೊತ್ತುವ ಬಗೆ) ನಾಲ್ಕು ಪುಟಗಳ, ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರು ಸಮಾಚಾರ'ವನ್ನು ಹೊರತಂದವನು ಅವನೇ. ನಾವು ಪ್ರತಿವರ್ಷ ಜುಲೈ 1ರಂದು ಪತ್ರಿಕಾ ದಿನವನ್ನು ಆಚರಿಸುತ್ತೇವೆ, ಸನ್ಮಾನ ಮಾಡುತ್ತೇವೆ, ಹಾರ ಹಾಕುತ್ತೇವೆ. ಆ ನಾಲ್ಕು ಪುಟಗಳ ಹಿಂದಿದ್ದ ಪಾಠಶಾಲೆ ಯಾವುದು ಎಂದು ಕೇಳುವುದು ಕಡಿಮೆ.

ಅನುಭವವಿರುವವರು, ತಿದ್ದುವವರು, ಜಗಳ ತೆಗೆಯುವವರು ಎಲ್ಲರೂ ಬರೆಯಬೇಕಾಗಿ ವಿನಂತಿ.

ಹಳೇ ನಿಘಂಟು

ಬಹಳ ಒಳ್ಳೆಯ ಚರ್ಚೆ. ನಮ್ಮ ಮನೆಯಲ್ಲಿ ಕಿಟ್ಟೆಲ್ ನಿಘಂಟಿನ ಒಂದು ಹಳೆಯ ಪ್ರತಿ ಇತ್ತು. ಬೆನ್ನು ಕಿತ್ತುಹೋಗಿ, ಅಜ್ಜ ಅದಕ್ಕೆ ಹಳೆಯ ಧೋತರದ ಬಟ್ಟೆಯನ್ನು ಅಂಟಿನಿಂದ ಹಚ್ಚಿದ್ದರು. ಒಂದು ಪದ ನೋಡಲು ಹೋದರೆ ನಾಲ್ಕು ಪದ ಓದದೆ ಮುಚ್ಚಲು ಆಗುತ್ತಿರಲಿಲ್ಲ, ಏಕೆಂದರೆ ಅರ್ಥದ ಜೊತೆಗೆ ಗಾದೆಯೋ ಪದ್ಯದ ಸಾಲೋ ಒಂದು ಇದ್ದೇ ಇರುತ್ತಿತ್ತು. ಕಿಟ್ಟೆಲ್ ಕೂಡ ಟ್ಯೂಬಿಂಗೆನ್‌ನಲ್ಲೇ ಓದಿದವರಲ್ಲವೇ? ನೀವು ಅವರ ಹೆಸರನ್ನೇ ಎತ್ತದಿರುವುದು ಆಶ್ಚರ್ಯ ತಂದಿತು.

ನದೀತೀರ

ಈ ತಪ್ಪನ್ನು ಅನೇಕರು ಮಾಡುತ್ತಾರೆ, ಆದ್ದರಿಂದಲೇ ಆ ಹೆಸರನ್ನು ಬೇಕೆಂದೇ ಮುಂದಕ್ಕೆ ಇಟ್ಟುಕೊಂಡಿದ್ದೆ. ಕಿಟ್ಟೆಲ್ ಟ್ಯೂಬಿಂಗೆನ್‌ನ ವಿದ್ಯಾರ್ಥಿಯಲ್ಲ. ಅವರು 1832ರಲ್ಲಿ ಹುಟ್ಟಿದ್ದು ಜರ್ಮನಿಯ ವಾಯವ್ಯ ಮೂಲೆಯ ಈಸ್ಟ್ ಫ್ರೀಸಿಯಾದಲ್ಲಿ. ತರಬೇತಿ ಪಡೆದದ್ದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿನಲ್ಲಿ. 1853ರಲ್ಲಿ ಭಾರತಕ್ಕೆ ಬಂದರು. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕೊನೆಯ ವರ್ಷಗಳನ್ನು ಅವರು ಅದೇ ಊರಿನಲ್ಲಿ ಕಳೆದು 1903ರ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡರು. ಹೀಗೆ ಮೋಗ್ಲಿಂಗ್ ಆ ಊರಿನಿಂದ ಕನ್ನಡಕ್ಕೆ ಬಂದವನು; ಕಿಟ್ಟೆಲ್ ಕನ್ನಡದಿಂದ ಆ ಊರಿಗೆ ಹೋದವರು.

ಇಬ್ಬರಿಗೂ ಗೌರವ ಪದವಿ ಕೊಟ್ಟದ್ದು ಒಂದೇ ವಿಶ್ವವಿದ್ಯಾಲಯ ಎಂಬುದನ್ನು ಗಮನಿಸಬೇಕು. ಮೋಗ್ಲಿಂಗ್‌ಗೆ ಅದು 1858ರಲ್ಲಿ ಬಂತು. ಕನ್ನಡದ ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದ 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯ ಕೆಲಸ ಅದರ ಹಿಂದಿತ್ತು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು ಓಲೆಗರಿ ಮತ್ತು ಕೈಬರಹದ ಕಟ್ಟುಗಳಿಂದ ಅಚ್ಚಿಗೆ ಇಳಿದದ್ದು ಆ ಮಾಲೆಯಲ್ಲಿ. ಅದರ ಖರ್ಚನ್ನು ಹೊತ್ತವರು ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿ.

ಚಂದ್ರಗಿರಿಯ ಈಚೆ

ಕಾಸರಗೋಡಿನವನಾಗಿ ಒಂದು ಮಾತು ಸೇರಿಸಲೇಬೇಕು. ನಮ್ಮಲ್ಲಿ ಎರಡೂ ಭಾಷೆಯವರಿಗೆ ಈ ಊರು ನೆಂಟರ ಮನೆಯೇ. ಮಲಯಾಳದ ದೊಡ್ಡ ನಿಘಂಟನ್ನು 1872ರಲ್ಲಿ ಹೊರತಂದ ಹರ್ಮನ್ ಗುಂಡರ್ಟ್ ಕೂಡ ಶ್ಟಿಫ್ಟಿನವನೇ, ಮೋಗ್ಲಿಂಗನ ಗೆಳೆಯ. ಅವನು ಸಂಗ್ರಹಿಸಿದ ಹಸ್ತಪ್ರತಿಗಳೂ ಪುಸ್ತಕಗಳೂ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ, ಈಗ ಅಂತರಜಾಲದಲ್ಲಿ ಯಾರು ಬೇಕಾದರೂ ಪುಟ ತಿರುವಿ ನೋಡುವಂತೆ ಮಾಡಿದ್ದಾರೆ. 2015ರಲ್ಲಿ ಅಲ್ಲಿ ಗುಂಡರ್ಟ್ ಹೆಸರಿನಲ್ಲಿ ಮಲಯಾಳದ ಪೀಠವೂ ಆರಂಭವಾಯಿತು. ಮಲಯಾಳಿಗಳು ತಮ್ಮ ಹಳೆಯ ನೆಂಟನನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದರು. ನಾವು ಮೋಗ್ಲಿಂಗನ ಹೆಸರಿನಲ್ಲಿ ಅಷ್ಟು ಮಾಡಲಿಲ್ಲ ಎಂಬ ಕೊರಗು ನನ್ನಲ್ಲಿ ಇದ್ದೇ ಇದೆ.

ಗುಂಡರ್ಟನ ಮೊಮ್ಮಗನ ಕಥೆಯೂ ಇದೇ ಊರಿಗೆ ಸೇರಿದ್ದು. ಗುಂಡರ್ಟನ ಮಗಳು ಮಾರೀ ಹುಟ್ಟಿದ್ದು ತಲಶ್ಶೇರಿಯಲ್ಲಿ. ಅವಳ ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ಅವನು 1895ರಿಂದ 1899ರವರೆಗೆ ಟ್ಯೂಬಿಂಗೆನ್‌ನ ಹೆಕೆನ್‌ಹೌವರ್ ಪುಸ್ತಕದಂಗಡಿಯಲ್ಲಿ ಕೆಲಸ ಮಾಡಿದ. ಪುಸ್ತಕಗಳ ಧೂಳು ಹೊಡೆಯುತ್ತಿದ್ದ ಆ ಹುಡುಗನಿಗೆ 1946ರಲ್ಲಿ ನೊಬೆಲ್ ಬಂತು. ಆ ಅಂಗಡಿ ಚರ್ಚಿನ ಎದುರಿಗೇ ಇದೆ.

ಅಡ್ಡಪ್ರಶ್ನೆ

ಎಲ್ಲವನ್ನೂ ಓದಿದೆ. ಕ್ಷಮಿಸಿ, ಇಲ್ಲಿಯವರೆಗಿನದ್ದು ಮದುವೆಮನೆಯ ಮಾತಿನಂತಿದೆ.

ಗಡ್ಡದ ಎಬರ್‌ಹಾರ್ಡ್ 1477ರಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದ ಎಂದು ಬರೆದಿರಿ. ಅದೇ ವರ್ಷ, ಅದೇ ಸ್ಥಾಪನೆಯ ಜೊತೆಯಲ್ಲೇ, ಅವನು ಊರಿನ ಯಹೂದಿಗಳನ್ನು ಹೊರಹಾಕಿದ ಎಂಬುದನ್ನು ಬಿಟ್ಟಿರಿ. ಅವರು ವಾಸವಿದ್ದ ಓಣಿಗೆ ಇಂದಿಗೂ 'ಯಹೂದಿಗಳ ಓಣಿ' ಎಂಬ ಹೆಸರೇ ಉಳಿದಿದೆ. ಜನ ಹೋದರು, ಹೆಸರು ಉಳಿಯಿತು. ವಿಶ್ವವಿದ್ಯಾಲಯಕ್ಕೆ ಈಗಲೂ 'ಎಬರ್‌ಹಾರ್ಡ್ ಕಾರ್ಲ್ಸ್' ಎಂದು ಅವನ ಹೆಸರೂ, 1769ರಲ್ಲಿ ತನ್ನ ಹೆಸರನ್ನು ಸೇರಿಸಿಕೊಂಡ ಕಾರ್ಲ್ ಔಯ್ಗೆನ್ ದೊರೆಯ ಹೆಸರೂ ಇವೆ. ಈ ಹೆಸರನ್ನು ಬಿಡಬೇಕೇ ಎಂಬ ವಾದ ಇತ್ತೀಚಿನ ವರ್ಷಗಳಲ್ಲಿ ಜೋರಾಗಿಯೇ ನಡೆಯಿತು, ಕೊನೆಗೆ ಹೆಸರು ಹಾಗೆಯೇ ಉಳಿಯಿತು.

ಇಪ್ಪತ್ತನೆಯ ಶತಮಾನಕ್ಕೆ ಬನ್ನಿ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಜರ್ಮನಿಯ ಬೇರೆ ವಿಶ್ವವಿದ್ಯಾಲಯಗಳು ಯಹೂದಿ ಪ್ರಾಧ್ಯಾಪಕರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಹಾಕಿದವು. ಟ್ಯೂಬಿಂಗೆನ್‌ನಲ್ಲಿ ಆ ಸಂಖ್ಯೆ ತೀರಾ ಸಣ್ಣದು, ಏಕೆಂದರೆ ಅಲ್ಲಿ ಮೊದಲಿನಿಂದಲೂ ಅವರನ್ನು ಒಳಗೆ ಬಿಟ್ಟುಕೊಂಡದ್ದೇ ಅಪರೂಪ. 1882ರಲ್ಲಿ ಕಟ್ಟಿದ್ದ, ಯಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗನ್ನು 1938ರ ನವೆಂಬರ್ 9ರ ರಾತ್ರಿ ಸುಟ್ಟರು. ಊರ ಸ್ಮಶಾನದಲ್ಲಿ 'ಎಕ್ಸ್' ಎಂಬ ಗುರುತಿನ ಒಂದು ಭಾಗವಿದೆ. ಆ ಆಡಳಿತದಲ್ಲಿ ಮರಣದಂಡನೆಗೆ ಗುರಿಯಾದವರ, ಬಲವಂತದ ದುಡಿಮೆಯಲ್ಲಿ ಸತ್ತವರ ದೇಹಗಳನ್ನು ವಿಶ್ವವಿದ್ಯಾಲಯದ ಅಂಗರಚನಾ ವಿಭಾಗ ಪಾಠಕ್ಕೆ ಬಳಸಿಕೊಂಡು ಆಮೇಲೆ ಅಲ್ಲಿ ಹೂಳುತ್ತಿತ್ತು. ಅದೇ ಸ್ಮಶಾನದಲ್ಲಿ ಹೋಲ್ಡರ್ಲಿನ್‌ನ ಸಮಾಧಿಯೂ ಇರುವುದರಿಂದ ಪ್ರವಾಸಿಗರು ಅದನ್ನು ನೋಡಿ, ಹೂವಿಟ್ಟು, ಮರಳುತ್ತಾರೆ. ಇನ್ನಷ್ಟು ಹೆಜ್ಜೆ ಹಾಕಿದರೆ ಎಕ್ಸ್ ಭಾಗ ಸಿಗುತ್ತದೆ.

ಕೊನೆಯದಾಗಿ, ಮೋಗ್ಲಿಂಗ್ ಕನ್ನಡದ ಸೇವೆಗೆಂದು ಬಂದವನಲ್ಲ, ಮತಪ್ರಚಾರಕ್ಕೆ ಬಂದವನು. ಅದನ್ನು ಹೇಳದೆ ಪತ್ರಿಕೆಯನ್ನಷ್ಟೇ ಹೊಗಳಿದರೆ ಅರ್ಧ ಕಥೆಯಾಗುತ್ತದೆ.

ನದೀತೀರ

ನೀವು ಹೇಳಿದ ಮೊದಲ ಭಾಗದಲ್ಲಿ ಒಂದಕ್ಷರವನ್ನೂ ತಳ್ಳಿಹಾಕುವುದಿಲ್ಲ. 1477ರ ಹೊರಹಾಕುವಿಕೆಯನ್ನು ನಾನೇ ಬರೆಯಬೇಕಿತ್ತು, ತಪ್ಪು ನನ್ನದು.

ಮೋಗ್ಲಿಂಗನ ಉದ್ದೇಶದ ಬಗ್ಗೆಯೂ ನಮ್ಮ ನಡುವೆ ಭಿನ್ನಾಭಿಪ್ರಾಯವಿಲ್ಲ; ಅವನು ಮತಾಂತರಕ್ಕೆಂದೇ ಬಂದ, ಅದನ್ನು ಮುಚ್ಚಿಡಲೂ ಇಲ್ಲ. ನನ್ನ ಪ್ರಶ್ನೆ ಬೇರೆ. ಅದೇ ಉದ್ದೇಶದಿಂದ ಎಷ್ಟೋ ಜನ ಬಂದರು. ಅವರಲ್ಲಿ ಕೆಲವರಿಗೆ ಮಾತ್ರ ಒಂದು ಕಾವ್ಯದ ಹಲವು ಪ್ರತಿಗಳನ್ನು ಕೂಡಿಹಾಕಿ, ಪಾಠಭೇದಗಳನ್ನು ಹೋಲಿಸಿ ಅಚ್ಚು ಹಾಕಬೇಕು ಎಂದು ಏಕೆ ಅನಿಸಿತು? ತಾವು ಒಪ್ಪದ ಮತದ ಕಾವ್ಯಕ್ಕೆ, ಬಸವಪುರಾಣಕ್ಕೆ, ದಾಸರ ಪದಕ್ಕೆ, ಅಷ್ಟು ಶ್ರಮ ಏಕೆ?

ಉತ್ತರ ಆ ಕಾಲದ ಟ್ಯೂಬಿಂಗೆನ್‌ನಲ್ಲಿದೆ ಎಂದು ನನಗೆ ತೋರುತ್ತದೆ. ಮೋಗ್ಲಿಂಗ್ ಬರುವ ಮೂರು ವರ್ಷ ಮೊದಲು, 1826ರಲ್ಲಿ, ಫರ್ಡಿನಾಂಡ್ ಕ್ರಿಸ್ಟಿಯಾನ್ ಬೌರ್ ಅಲ್ಲಿ ಪ್ರಾಧ್ಯಾಪಕನಾಗಿದ್ದ. ಬೈಬಲ್ಲಿನ ಯಾವ ಪತ್ರ ಯಾವ ಕಾಲದ್ದು, ಯಾರ ಹೆಸರಿನಲ್ಲಿ ಯಾರು ಬರೆದದ್ದು ಎಂದು ಧರ್ಮಗ್ರಂಥವನ್ನೇ ಇತರ ಗ್ರಂಥಗಳಂತೆ ಒರೆಗೆ ಹಚ್ಚಿದ ಪಂಥ ಅವನದು. ಗುಂಡರ್ಟ್ ಶ್ಟಿಫ್ಟಿನಲ್ಲಿ ಓದುತ್ತಿದ್ದಾಗ ಪಾಠ ಹೇಳಿದವರಲ್ಲಿ ಡೇವಿಡ್ ಫ್ರೀಡ್ರಿಚ್ ಸ್ಟ್ರೌಸ್ ಒಬ್ಬ. ಯೇಸುವಿನ ಚರಿತ್ರೆಯನ್ನು ವಿಮರ್ಶೆಗೆ ಒಡ್ಡಿದ ಗ್ರಂಥವನ್ನು 1835ರಲ್ಲಿ ಪ್ರಕಟಿಸಿದ್ದಕ್ಕೆ ಅವನು ಅಲ್ಲಿನ ಕೆಲಸವನ್ನೇ ಕಳೆದುಕೊಂಡ. ಮೋಗ್ಲಿಂಗ್, ಗುಂಡರ್ಟ್ ಇಬ್ಬರೂ ಆ ವಿಚಾರವನ್ನು ಒಪ್ಪದೆ ಭಕ್ತಿಯ ದಾರಿ ಹಿಡಿದವರು. ವಿಚಾರ ಬಿಟ್ಟರೂ ಅಭ್ಯಾಸ ಬಿಡಲಿಲ್ಲ. ಪಠ್ಯವನ್ನು ನಂಬುವ ಮೊದಲು ಪ್ರತಿಗಳನ್ನು ಎದುರುಬದುರು ಇಟ್ಟು ನೋಡುವ ಕೈಕಸುಬು ಅವರ ಜೊತೆಗೇ ಹಡಗು ಹತ್ತಿತು.

ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಬಡಗಿ ಯಾವ ಮನೆಗೆ ಹೋದರೂ ಮೊದಲು ಬಾಗಿಲಿನ ಮೂಲೆಯನ್ನೇ ನೋಡುತ್ತಾನಲ್ಲ, ಹಾಗೆ.

ಅಡ್ಡಪ್ರಶ್ನೆ

ಬಡಗಿಯ ಹೋಲಿಕೆ ಚೆನ್ನಾಗಿದೆ. ಆದರೆ ಆ ಪ್ರತಿಗಳನ್ನು ಒದಗಿಸಿ, ಓದಿ ಹೇಳಿ, ಅಚ್ಚಿಗೆ ಅಂದವಾಗಿ ಬರೆದುಕೊಟ್ಟವರು ಇಲ್ಲಿನ ಪಂಡಿತರೂ ಲಿಪಿಕಾರರೂ. ಅವರ ಹೆಸರಿಗೆ ಯಾವ ವಿಶ್ವವಿದ್ಯಾಲಯವೂ ಗೌರವ ಪದವಿ ಕೊಡಲಿಲ್ಲ. ಇಷ್ಟನ್ನು ದಾಖಲಿಸಿ, ಉಳಿದದ್ದನ್ನು ಒಪ್ಪುತ್ತೇನೆ.

ಅಡುಗೆಮನೆಯ ರಸಾಯನ

ನಾನು ಜೀವರಸಾಯನ ಕಲಿಸುವವನು. ಸಾಹಿತ್ಯದವರು ಇಡೀ ಊರನ್ನು ತಮ್ಮದೇ ಎನ್ನುತ್ತಿರುವುದರಿಂದ ನನ್ನ ಪಾಲನ್ನು ಕೇಳಲು ಬಂದಿದ್ದೇನೆ. ಕೆಪ್ಲರ್ ಬಗ್ಗೆ ಮೊದಲು ಒಂದು ಮಾತು. ಅವನು ಅಲ್ಲಿ ಪ್ರಾಧ್ಯಾಪಕನಾಗಿದ್ದ ಎಂದು ನಮ್ಮ ಕೆಲವು ಪಠ್ಯಗಳಲ್ಲಿ ಕಾಣುತ್ತದೆ, ಅದು ಸರಿಯಲ್ಲ. ಅಲ್ಲಿ ಅವನಿಗೆ ಕೊಪರ್ನಿಕಸನ ಸಿದ್ಧಾಂತವನ್ನು ಪರಿಚಯಿಸಿದವನು ಗುರು ಮೈಕೆಲ್ ಮೆಸ್ಟ್ಲಿನ್. ಧರ್ಮಶಾಸ್ತ್ರದ ಓದು ಮುಗಿಯುವ ಮೊದಲೇ, 1594ರಲ್ಲಿ, ಗಣಿತ ಕಲಿಸಲು ಗ್ರಾಟ್ಸ್‌ಗೆ ಹೊರಟುಹೋದ. ಮುಂದೆ 1623ರಲ್ಲಿ ಟ್ಯೂಬಿಂಗೆನ್‌ನ ಹೀಬ್ರೂ ಪ್ರಾಧ್ಯಾಪಕ ವಿಲ್‌ಹೆಲ್ಮ್ ಶಿಕಾರ್ಡ್ ಕೆಪ್ಲರನಿಗೆ ಪತ್ರ ಬರೆದು, ತಾನೇ ಕೂಡುವ ಕಳೆಯುವ ಒಂದು ಯಂತ್ರ ಮಾಡಿದ್ದೇನೆಂದು ತಿಳಿಸಿದ. ಕೆಪ್ಲರನಿಗೆಂದು ಮಾಡಿಸುತ್ತಿದ್ದ ಯಂತ್ರ ಮರುವರ್ಷ ಬೆಂಕಿಗೆ ಆಹುತಿಯಾಯಿತು. ಪತ್ರದೊಂದಿಗಿನ ಚಿತ್ರಗಳು ಉಳಿದಿದ್ದರಿಂದ ಇಪ್ಪತ್ತನೆಯ ಶತಮಾನದಲ್ಲಿ ಅದೇ ಊರಿನವರು ಯಂತ್ರವನ್ನು ಮತ್ತೆ ಕಟ್ಟಿದರು. ಹೀಬ್ರೂ ಕಲಿಸುವವನು ಲೆಕ್ಕದ ಯಂತ್ರ ಮಾಡಿದ ಎಂಬುದು ಈ ಊರಿನ ಸ್ವಭಾವಕ್ಕೆ ತಕ್ಕುದೇ.

ನಾನು ಹೇಳಲು ಬಂದದ್ದು ಕೋಟೆಯ ಅಡುಗೆಮನೆಯ ಬಗ್ಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೋಟೆಯ ಹಳೆಯ ಅಡುಗೆಮನೆಯನ್ನು ಪ್ರಯೋಗಶಾಲೆಯಾಗಿ ಮಾಡಿಕೊಂಡಿದ್ದರು. ರಕ್ತದ ಕೆಂಪು ವಸ್ತುವಿಗೆ ಹಿಮೋಗ್ಲೋಬಿನ್ ಎಂದು ಹೆಸರಿಟ್ಟ ಫೆಲಿಕ್ಸ್ ಹೊಪ್ಪೆ-ಸೈಲರ್ ಅಲ್ಲಿನ ಮುಖ್ಯಸ್ಥ. ಅವನ ಬಳಿಗೆ ಬಾಸೆಲ್‌ನಿಂದ ಫ್ರೀಡ್ರಿಚ್ ಮೀಶರ್ ಎಂಬ ತರುಣ ವೈದ್ಯ ಬಂದ. ಅವನ ಕಚ್ಚಾವಸ್ತು ಯಾವುದೆಂದರೆ, ಊರಿನ ಶಸ್ತ್ರಚಿಕಿತ್ಸಾಲಯದಲ್ಲಿ ಗಾಯಗಳಿಂದ ಬಿಚ್ಚಿ ಎಸೆದ, ಕೀವು ಹತ್ತಿದ ಬ್ಯಾಂಡೇಜುಗಳು. ಅವುಗಳನ್ನು ತೊಳೆದು, ಕೀವಿನ ಬಿಳಿರಕ್ತಕಣಗಳನ್ನು ಬೇರ್ಪಡಿಸಿ, ಹಂದಿಯ ಜಠರದಿಂದ ತೆಗೆದ ಪೆಪ್ಸಿನ್‌ನಿಂದ ಪ್ರೋಟೀನನ್ನು ಜೀರ್ಣಿಸಿ ತೆಗೆದಾಗ, ಜೀವಕೋಶದ ನ್ಯೂಕ್ಲಿಯಸ್ಸಿನ, ಎಂದರೆ ಕೋಶಕೇಂದ್ರದ, ಒಳಗಿನ ಒಂದು ವಸ್ತು ಉಳಿಯಿತು. ಅದರಲ್ಲಿ ರಂಜಕ ಬಹಳವಿತ್ತು. ಅಂದಿನವರಿಗೆ ಗೊತ್ತಿದ್ದ ಯಾವ ಪ್ರೋಟೀನಿನಂತೆಯೂ ಅದು ಇರಲಿಲ್ಲ. 1869ರಲ್ಲಿ ಅವನು ಅದನ್ನು 'ನ್ಯೂಕ್ಲೀನ್' ಎಂದು ಕರೆದ. ನಾವು ಇಂದು ಡಿಎನ್‌ಎ ಎನ್ನುವುದು ಅದನ್ನೇ. ಗುರುವಿಗೆ ನಂಬಿಕೆ ಬರಲಿಲ್ಲ, ತಾನೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದ. ಲೇಖನ ಅಚ್ಚಾಗುವಾಗ 1871 ಬಂದಿತ್ತು.

ಈಗ ಆ ಕೋಣೆಯೇ ಒಂದು ಪುಟ್ಟ ಸಂಗ್ರಹಾಲಯ. ದಪ್ಪ ಗೋಡೆ, ಕಮಾನಿನ ಚಾವಣಿ. ಮೀಶರ್ ಮುಂದೆ ಸಾಲ್ಮನ್ ಮೀನಿನ ವೀರ್ಯದಿಂದ ಬೇರ್ಪಡಿಸಿದ ನ್ಯೂಕ್ಲೀನ್ ಒಂದು ಗಾಜಿನ ನಳಿಕೆಯಲ್ಲಿ ಉಳಿದುಬಂದಿದೆ. ಅಂಟಿಸಿದ ಚೀಟಿ ಹಳದಿಯಾಗಿದೆ, ಒಳಗಿನದು ಬರಿಗಣ್ಣಿಗೆ ಪುಡಿಯಂತೆ ಕಾಣುತ್ತದೆ. ವಿಧಿಯಿಲ್ಲದೆ ಒಳಗೆ ಬಂದು ಆಕಳಿಸುವ ಶಾಲಾ ಮಕ್ಕಳ ಗುಂಪನ್ನೂ ಅಲ್ಲಿ ನೋಡಿದ್ದೇನೆ. ಅದೇ ಕೋಟೆಯ ಇನ್ನೊಂದು ಕಡೆ, ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕಿದ, ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ ಕುದುರೆಯಿದೆ. ಉದ್ದ ಐದು ಸೆಂಟಿಮೀಟರಿಗೂ ಕಡಿಮೆ, ವಯಸ್ಸು 35,000 ವರ್ಷಕ್ಕೂ ಹೆಚ್ಚು. ಕುತ್ತಿಗೆಯ ಬಾಗನ್ನು ನೋಡಿದರೆ ಕೆತ್ತಿದವನು ಕುದುರೆಯನ್ನು ತಿಂದಷ್ಟೇ ಅಲ್ಲ, ನೋಡಿಯೂ ಇದ್ದ ಎನಿಸುತ್ತದೆ.

ಮರೆತಿದ್ದೆ: ವೈದ್ಯ ಅಲೋಯಿಸ್ ಆಲ್ಜೈಮರ್ ತನ್ನ ಹೆಸರು ಪಡೆದ ಕಾಯಿಲೆಯ ಮೊದಲ ವರದಿಯನ್ನು 1906ರ ನವೆಂಬರಿನಲ್ಲಿ ಓದಿದ್ದು ಇದೇ ಊರಿನ ಸಭೆಯಲ್ಲಿ. ಸಭಿಕರಿಂದ ಒಂದು ಪ್ರಶ್ನೆಯೂ ಬರಲಿಲ್ಲ.

ಎರಡನೇ ಸೆಮಿಸ್ಟರ್

ಎಲ್ಲರೂ ಸತ್ತವರ ಬಗ್ಗೆಯೇ ಬರೆಯುತ್ತಿದ್ದೀರಿ. ನಾನು ಸದ್ಯ ಅಲ್ಲೇ ಓದುತ್ತಿರುವವಳು, ಬದುಕುವ ವಿಷಯ ಬರೆಯುತ್ತೇನೆ.

ಯುರೋಪ್ ಒಕ್ಕೂಟದ ಹೊರಗಿನಿಂದ ಬಂದವರಿಗೆ ಈ ರಾಜ್ಯದಲ್ಲಿ ಒಂದು ಸೆಮಿಸ್ಟರಿಗೆ 1,500 ಯೂರೊ ಶುಲ್ಕವಿದೆ. ಇದು 2017ರಿಂದ ಬಂದದ್ದು. ಜರ್ಮನಿಯಲ್ಲಿ ಓದು ಪೂರ್ತಿ ಉಚಿತ ಎಂದು ನಂಬಿ ಬಂದವರು ಇಲ್ಲಿ ಮೊದಲ ಪೆಟ್ಟು ತಿನ್ನುತ್ತಾರೆ. ಎರಡನೆಯ ಪೆಟ್ಟು ಕೋಣೆ ಹುಡುಕುವುದು. ಸಣ್ಣ ಊರು, ಮೂವರಲ್ಲಿ ಒಬ್ಬರು ವಿದ್ಯಾರ್ಥಿ ಎಂದಮೇಲೆ ಕೋಣೆಯ ಬಾಡಿಗೆ ಹೇಗಿರುತ್ತದೆ ಎಂದು ಊಹಿಸಬಹುದು. ನಾನು ಮೊದಲ ಎರಡು ತಿಂಗಳು ಪಕ್ಕದ ಊರಿನಿಂದ ಬಸ್ಸಿನಲ್ಲಿ ಓಡಾಡಿದೆ.

ಕೊನೆಗೆ ಸಿಕ್ಕಿದ ಕೋಣೆಯ ಜೊತೆಗೆ 'ಕೇರ್‌ವೋಖೆ' ಸಿಕ್ಕಿತು. ಇದು ಶ್ವಾಬಿಯಾ ಸೀಮೆಯ ಹಳೆಯ ಪದ್ಧತಿ: ಮನೆಮಂದಿ ಸರದಿಯಂತೆ ವಾರಕ್ಕೊಮ್ಮೆ ಮೆಟ್ಟಿಲು, ಅಂಗಳ ಗುಡಿಸಿ ಒರೆಸಬೇಕು. ಸರದಿ ಯಾರದೆಂದು ತಿಳಿಸುವ ಪುಟ್ಟ ಹಲಗೆಯನ್ನು ಬಾಗಿಲಿಗೆ ನೇತುಹಾಕುತ್ತಾರೆ. ಪರೀಕ್ಷೆಯ ಗಡಿಬಿಡಿಯಲ್ಲಿ ನಾನು ನನ್ನ ವಾರವನ್ನು ಮರೆತೆ. ಯಾರೂ ಬೈಯಲಿಲ್ಲ, ಬಾಗಿಲು ತಟ್ಟಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಚಪ್ಪಲಿಯ ಪಕ್ಕದಲ್ಲಿ ಪೊರಕೆಯೊಂದನ್ನು ನೀಟಾಗಿ ನಿಲ್ಲಿಸಿಟ್ಟಿದ್ದರು. ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಊಟದ ವಿಷಯದಲ್ಲಿ ನಮ್ಮವರಿಗೊಂದು ಕಿವಿಮಾತು: ಮನೆಯಿಂದ ಸ್ಟೀಲ್ ಡಬ್ಬಿ, ಲೋಟ ತನ್ನಿ. 2022ರಿಂದ ಈ ಊರಿನಲ್ಲಿ ಎಸೆದುಬಿಡುವ ಕಪ್ಪು, ಡಬ್ಬಿಗಳ ಮೇಲೆ ತಲಾ 50 ಸೆಂಟ್ ತೆರಿಗೆಯಿದೆ. ಒಂದು ತಿಂಡಿಯಂಗಡಿಯವರು ಕೋರ್ಟು ಹತ್ತಿದರು. ಪ್ರಕರಣ ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋಗಿ, ಊರಿಗೆ ಈ ತೆರಿಗೆ ಹಾಕುವ ಹಕ್ಕಿದೆ ಎಂಬ ತೀರ್ಪು 2025ರ ಜನವರಿಯಲ್ಲಿ ಹೊರಬಿತ್ತು. ನಾನು ಅಮ್ಮನ ಡಬ್ಬಿಯನ್ನು ಚಾಚಿದಾಗ ಅಂಗಡಿಯವನು ಮುಚ್ಚಳದ ಕ್ಲಿಪ್ಪನ್ನು ಎರಡು ಸಲ ಹಾಕಿ ತೆಗೆದು ನೋಡಿದ.

ಬೇಸಿಗೆಯಲ್ಲಿ ಬರುವವರು 'ಶ್ಟೊಖರ್‌ಕಾನ್' ಎಂಬ ದೋಣಿಯನ್ನು ತಪ್ಪಿಸಬೇಡಿ. ಉದ್ದನೆಯ ಚಪ್ಪಟೆ ದೋಣಿ. ಹಿಂಬದಿಯಲ್ಲಿ ನಿಂತವರು ನದಿಯ ತಳಕ್ಕೆ ಗಳ ಊರಿ ತಳ್ಳುತ್ತಾರೆ. ನಮ್ಮ ಕಡವಿನ ದೋಣಿ ನೋಡಿದವರಿಗೆ ಹೊಸದಲ್ಲ, ಆದರೆ ನಡುಗಡ್ಡೆಯ ಪ್ಲೇನ್ ಮರಗಳ ಸಾಲಿನ ಕೆಳಗೆ ತೇಲುವಾಗ ಎದುರಿಗೆ ಹಳದಿ, ಗುಲಾಬಿ ಬಣ್ಣದ ಮನೆಗಳ ಸಾಲು ನಿಧಾನವಾಗಿ ಸರಿಯುವುದು ಚೆಂದ. ಕಾರ್ಪಸ್ ಕ್ರಿಸ್ಟಿ ಹಬ್ಬದ ದಿನ ವಿದ್ಯಾರ್ಥಿ ಸಂಘಗಳ ದೋಣಿ ಪಂದ್ಯ ನಡೆಯುತ್ತದೆ. ಕೊನೆಗೆ ಬಂದ ತಂಡದ ಪ್ರತಿಯೊಬ್ಬನೂ ಎಲ್ಲರೆದುರು ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು. ಗೆದ್ದವರ ಮುಖ ಯಾರಿಗೂ ನೆನಪಿರುವುದಿಲ್ಲ.

ಚರ್ಚಿನ ಹತ್ತಿರ ಪ್ರಕಾಶಕ ಕೋಟಾನ ಮನೆಯ ಮೇಲೆ 'ಗೊಯಟೆ ಇಲ್ಲಿ ತಂಗಿದ್ದ' ಎಂಬ ಫಲಕವಿದೆ. 1797ರಲ್ಲಿ ಆ ಜರ್ಮನ್ ಮಹಾಕವಿ ಅಲ್ಲಿ ಉಳಿದಿದ್ದು ನಿಜ. ಪಕ್ಕದ ಕಟ್ಟಡದ ವಿದ್ಯಾರ್ಥಿಗಳು ತಮ್ಮ ಗೋಡೆಗೆ 'ಗೊಯಟೆ ಇಲ್ಲಿ ವಾಂತಿ ಮಾಡಿಕೊಂಡ' ಎಂದು ಬರೆದು ತೂಗುಹಾಕಿದ್ದಾರೆ. ಜನ ಫೋಟೊ ತೆಗೆದುಕೊಳ್ಳುವುದು ಎರಡನೆಯದರ ಮುಂದೆ.

ಹಳೇ ನಿಘಂಟು

ನಾನು ಮುಂದಿನ ಬೇಸಿಗೆಯಲ್ಲಿ ಮಗಳ ಮನೆಗೆ ಹೋಗುವವಳಿದ್ದೇನೆ, ಟ್ಯೂಬಿಂಗೆನ್‌ಗೆ ಒಂದು ದಿನ ಸಿಗಬಹುದು. ಮಂಡಿನೋವು ಇರುವುದರಿಂದ ಕೋಟೆ ಹತ್ತುವುದು ಕಷ್ಟ. ಕೆಳಗೇ ನೋಡುವಂಥದ್ದು ಏನಿದೆ? ಹೋಲ್ಡರ್ಲಿನ್‌ನ ಹೆಸರು ಎರಡು ಸಲ ಬಂತು, ಅವನ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ.

ನದೀತೀರ

ನೀವು ಕೋಟೆಯನ್ನು ಬಿಟ್ಟುಬಿಡಿ. ರೈಲು ನಿಲ್ದಾಣದಿಂದ ನೆಕ್ಕರ್ ಸೇತುವೆಗೆ ಸಮತಟ್ಟಾದ ದಾರಿ. ಸೇತುವೆಯ ಮೇಲೆ ನಿಂತರೆ ಎಡಗಡೆ, ನೀರಿನ ಅಂಚಿನಲ್ಲೇ, ಚೂಪು ಮಾಡಿನ ಹಳದಿ ಗೋಪುರ ಕಾಣುತ್ತದೆ. ಅದೇ ಹೋಲ್ಡರ್ಲಿನ್ ಗೋಪುರ. 1875ರಲ್ಲಿ ಸುಟ್ಟುಹೋದ ಮೇಲೆ ಮತ್ತೆ ಕಟ್ಟಿದ್ದು.

ಬುದ್ಧಿ ಕದಡಿದ ಕವಿಯನ್ನು 1806ರಲ್ಲಿ ಊರಿನ ಚಿಕಿತ್ಸಾಲಯಕ್ಕೆ ತಂದರು. ಆಗ ಚಿಕಿತ್ಸಾಲಯವಿದ್ದದ್ದು ನಾನು ಮೊದಲು ಹೇಳಿದ ಬೂರ್ಸೆ ಕಟ್ಟಡದಲ್ಲಿ. ಇವನು ಹೆಚ್ಚು ದಿನ ಬದುಕುವುದಿಲ್ಲ ಎಂದು ಅಲ್ಲಿನವರು ಕೈಬಿಟ್ಟಾಗ, ಅವನ ಬರಹವನ್ನು ಓದಿ ಮೆಚ್ಚಿದ್ದ ಅರ್ನ್ಸ್ಟ್ ಟ್ಸಿಮ್ಮರ್ ಎಂಬ ಬಡಗಿ 1807ರಲ್ಲಿ ಅವನನ್ನು ತನ್ನ ಮನೆಗೆ ಕರೆದುಕೊಂಡು ಬಂದ. ಕವಿ ಆ ಗೋಪುರದ ಕೋಣೆಯಲ್ಲಿ 36 ವರ್ಷ ಬದುಕಿದ. ಬಡಗಿ ತೀರಿಕೊಂಡ ಮೇಲೆ ಅವನ ಮಗಳು ನೋಡಿಕೊಂಡಳು. ನೋಡಲು ಬಂದವರು ಕೇಳಿದರೆ ಋತುಗಳ ಮೇಲೆ ನಾಲ್ಕೋ ಎಂಟೋ ಸಾಲು ಬರೆದುಕೊಟ್ಟು, ಕೆಳಗೆ 'ಸ್ಕಾರ್ಡನೆಲ್ಲಿ' ಎಂದು ಸಹಿ ಹಾಕಿ, ನೂರು ವರ್ಷ ಹಿಂದಿನದೋ ಮುಂದಿನದೋ ಒಂದು ತಾರೀಕು ನಮೂದಿಸುತ್ತಿದ್ದ.

ಗೋಪುರದಿಂದ ಶ್ಟಿಫ್ಟಿಗೆ ಒಂದು ಕೂಗಳತೆಯ ದೂರ. ಶ್ಟಿಫ್ಟಿನ ಹುಡುಗರು ಅವನನ್ನು ನೋಡಲು ಬರುವುದು ವಾಡಿಕೆಯಾಗಿತ್ತು. ವೈಬ್ಲಿಂಗರ್ ಎಂಬ ವಿದ್ಯಾರ್ಥಿ 1820ರ ದಶಕದಲ್ಲಿ ಅವನನ್ನು ವಾಯುಸೇವನೆಗೆ ಕರೆದೊಯ್ಯುತ್ತಿದ್ದ. 1829ರ ನಂತರ ಮೋಗ್ಲಿಂಗ್ ಓಡಾಡಿದ ಬೀದಿಗಳಲ್ಲಿ ಆ ಕಿಟಕಿಯೂ ಇತ್ತು, ಕಿಟಕಿಯ ಹಿಂದೆ ಆ ಮುದುಕನೂ ಇದ್ದ. ನೀವು ಗೋಪುರದಿಂದ ನಿಧಾನವಾಗಿ ಬೂರ್ಸೆಯ ಮುಂದೆ ಹಾದು ಶ್ಟಿಫ್ಟಿನ ಬಾಗಿಲವರೆಗೆ ನಡೆದರೆ ಸಾಕು. ಅಷ್ಟರಲ್ಲಿ ಕಾಲು ಗಂಟೆಯೂ ಆಗದು. ನಡುವೆ ಸ್ವಲ್ಪ ಏರಿದೆ, ಮಗಳ ಕೈ ಹಿಡಿದುಕೊಳ್ಳಿ.

ಹಳೇ ನಿಘಂಟು

ಬಹಳ ಉಪಕಾರವಾಯಿತು. ಒಂದು ಲೆಕ್ಕ ಹಾಕುತ್ತಿದ್ದೆ: 1807ಕ್ಕೆ 36 ಕೂಡಿಸಿದರೆ 1843. ಮಂಗಳೂರು ಸಮಾಚಾರದ ವರ್ಷವೇ ಅಲ್ಲವೇ?

ನದೀತೀರ

ಹೌದು. ಹೋಲ್ಡರ್ಲಿನ್ ತೀರಿಕೊಂಡದ್ದು 1843ರ ಜೂನ್ 7ರಂದು. ಸಮಾಚಾರದ ಮೊದಲ ಸಂಚಿಕೆ ಜುಲೈ 1ರದ್ದು. ನಡುವೆ 24 ದಿನ. ಸೂಯೆಜ್ ಕಾಲುವೆ ಆಗ ಇನ್ನೂ ಇರಲಿಲ್ಲ. ಮಂಗಳೂರಿನಲ್ಲಿ ಮೋಗ್ಲಿಂಗ್ ಕಲ್ಲಿನ ಮೇಲೆ ಮೊದಲ ಪುಟದ ಮಸಿ ಹಚ್ಚಿಸುತ್ತಿದ್ದಾಗ, ತಾನು ಓದಿದ ಊರಿನ ಆ ಕಿಟಕಿ ಖಾಲಿಯಾದ ಸುದ್ದಿ ಇನ್ನೂ ದಾರಿಯಲ್ಲೇ ಇತ್ತು.